ತವರಿನ ಹಂಡೆಯಲ್ಲಿ ಕಡಲ ನೀರು

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದೆ, ಸೀಮೆಎಣ್ಣೆ ಕ್ಯೂನಲ್ಲಿ ನಿಂತು ಬಂದೆ, ಅವರೆಕಾಳು ಹಿತುಕಿದೆ, ಬಟ್ಟೆ ಒಣಹಾಕಿದೆ, ತಾಮ್ರದ ಹಂಡೆ ತಿಕ್ಕಿದೆ. ಉಳಿದದ್ದು ಇದೊಂದು — ಮಲ್ಲೇಶ, ನಿಮ್ಮಣ್ಣನ ತೊಟ್ಟಿಯ ಜೀವಗಳು ಸತ್ತದ್ದು ನೀನು ತಂದ ನೀರಿನಿಂದಲ್ಲ, ನನ್ನಿಂದ. ಗೊತ್ತಿದ್ದೂ ನಿನ್ನ ತಲೆಗೆ ಕಟ್ಟಿದೆ.

ನಿನಗೆ ನೆನಪಿರಬೇಕು. ಆರು ವರ್ಷದ ಹಿಂದೆ ಅವರಿಗೆ ಸಮುದ್ರದ ಮೀನು ಸಾಕುವ ಹುಚ್ಚು ಹಿಡಿಯಿತು. ಮೇಷ್ಟರ ಸಂಬಳದಲ್ಲಿ ತೊಟ್ಟಿ ಕೊಳ್ಳಲಾಗದೆ, ಮಾರೇನಹಳ್ಳಿಯ ಗಾಜಿನಂಗಡಿಯಲ್ಲಿ ಉಳಿದ ತುಂಡುಗಳನ್ನು ಕೊಯ್ಯಿಸಿ, ಕಬ್ಬಿಣದ ಚೌಕಟ್ಟಿಗೆ ಕೂರಿಸಿ ತಾವೇ ಪುಟ್ಟಿ ಮೆತ್ತಿದರು. “ನನ್ನ ತಮ್ಮ ಮಂಗಳೂರು ಲಾರೀಲಿ ಓಡಾಡ್ತಾನೆ, ನಮಗೆ ಸಮುದ್ರವೇ ಬಿಟ್ಟಿ” ಎಂದು ಬೀದಿಗೆಲ್ಲ ಹೇಳಿಕೊಂಡರು. ಎದುರು ಮನೆಯಾಕೆ, “ಏನ್ರೀ, ಇಷ್ಟಲಿಂಗ ಪೂಜೆ ಮಾಡೋರ ಮನೇಲಿ ಮೀನು?” ಎಂದು ಛೇಡಿಸಿದಾಗ ನಾನೂ ನಕ್ಕಿದ್ದೆ — “ನೋಡೋಕ್ರೀ, ತಿನ್ನೋಕಲ್ಲ!”

ನೀನು ಕ್ಯಾನುಗಳಲ್ಲಿ ನೀರು ತಂದೆ. ಎರಡು ಪಟ್ಟೆಮೀನು, ಶಂಖದೊಳಗೆ ಮನೆ ಮಾಡಿಕೊಂಡ ಒಂದು ಏಡಿ, ಕಲ್ಲಿಗಂಟಿ ಬೆರಳಾಡಿಸುವ ಒಂದು ಕಡಲ ಹೂ. ಕ್ಯಾನುಗಳನ್ನು ಅಂದೇ ಹಿಂತಿರುಗಿಸಬೇಕಿತ್ತು. ತೊಟ್ಟಿ ತುಂಬಿ ಉಳಿದ ನೀರನ್ನು, ಮುಂದೆ ಬದಲಾಯಿಸಲು ಬೇಕಾದೀತೆಂದು, ತವರಿನವರು ಮದುವೆಯಲ್ಲಿ ಕೊಟ್ಟ ಈ ಹಂಡೆಗೆ ಸುರಿದಿಟ್ಟೆ. ತಾಮ್ರದಲ್ಲಿಟ್ಟ ನೀರು ಕೆಡುವುದಿಲ್ಲ ಅಂತ ನಂಬಿದವಳು ನಾನು. ಆದರೆ ತಾಮ್ರದಲ್ಲಿ ಮಜ್ಜಿಗೆ ಇಡಬಾರದು, ಹುಳಿ ಇಡಬಾರದು ಎಂದೂ ಗೊತ್ತಿತ್ತಲ್ಲ — ಉಪ್ಪು ಮಾತ್ರ ಹೇಗೆ ಹೊಳೆಯಲಿಲ್ಲವೋ…

ಮೂರನೇ ವಾರ ಅವರು ಶಾಲೆಗೆ ಹೋದಾಗ, ಹೇಳಿದ್ದರಲ್ಲ ಎಂದು ತೊಟ್ಟಿಯ ಅರ್ಧ ನೀರು ತೆಗೆದು ಹಂಡೆಯದನ್ನು ತುಂಬಿಸಿದೆ. ಸಂಜೆಗೆ ಹೂ ಮುದುಡಿತು. ಮರುದಿನ ಏಡಿ ಶಂಖದಿಂದ ಜಾರಿ ಬಿದ್ದಿತ್ತು. ಆಮೇಲೆ ಮೀನುಗಳು. ನಾನು ಬಚ್ಚಲಿಗೆ ಹೋಗಿ ನೋಡಿದೆ: ತಳದಲ್ಲಿ ಉಳಿದ ನೀರು ತಿಳಿನೀಲಿ, ಸುತ್ತ ಹಸಿರು ಗೆರೆ. ಹಂಡೆಯ ತಾಮ್ರವೇ ನೀರಿಗೆ ಇಳಿದಿತ್ತು. ನೀರು ಚೆಲ್ಲಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ — ಗೆರೆ ಪೂರ್ತಿ ಹೋಗುವವರೆಗೆ.

ಆ ಭಾನುವಾರ ನೀನು ಬಂದೆ.

“ಬಂದರಿನ ನೀರು ತುಂಬ್ಕೊಂಡು ಬಂದಿದ್ಯಲ್ಲೋ! ದೋಣಿ ಎಣ್ಣೆ ಬೆರೆತಿರೋದು!”

“ಇಲ್ಲ ಕಣಣ್ಣ, ಬೆಸ್ತರಿಗೆ ಹೇಳಿ ದೂರದಿಂದ ತರಿಸಿದ್ದು.”

“ಸುಳ್ಳು ಬೇರೆ ಹೇಳ್ತೀಯಾ!”

ನೀನು ನನ್ನ ಕಡೆ ತಿರುಗಿದೆ. “ಅತ್ತಿಗೆ, ನೀವಾದ್ರೂ ಹೇಳಿ.”

ನಾನು ಹೇಳಿದೆ — “ತಂದಾಗ್ಲೇ ಒಂಥರಾ ವಾಸನೆ ಇತ್ತು ಕಣೋ.”

ಅಷ್ಟೇ. ವಾಸನೆ ಇರಲಿಲ್ಲ, ಮಲ್ಲೇಶ. ಬರೀ ಸಮುದ್ರದ ವಾಸನೆ. ನೀನು ಚಪ್ಪಲಿ ಮೆಟ್ಟಿ ಹೋದೆ. ಆಮೇಲೆ ಹಬ್ಬಕ್ಕೆ ಬಂದರೂ ಗೇಟಿನಲ್ಲೇ ನಿಂತು ಮಾತಾಡಿದೆ. ತೊಟ್ಟಿಯಲ್ಲಿ ಈಗ ಆಲೂಗಡ್ಡೆ ಇದೆ. ತವರಿನ ಹಂಡೆಗೆ ಮಾತು ಬರಬಾರದೆಂದು ಹೇಳಿದೆನೋ, ಅವರ ಕೋಪ ನನ್ನ ಮೇಲೆ ಬೀಳಬಾರದೆಂದೋ — ಯಾವುದಾದರೂ ಒಂದೇ.

ಇವತ್ತು ನೀನು ನಿನ್ನ ಮಗಳ ನಾಮಕರಣಕ್ಕೆ ಕರೆಯಲು ಬಂದೆ. ಅವರೇ ಎದ್ದು, “ಒಳಗೆ ಬಾರೋ, ಊಟ ಮಾಡ್ಕೊಂಡು ಹೋಗು” ಎಂದರು. ಕೈ ತೊಳೆಯಲು ಬಚ್ಚಲಿಗೆ ಹೋದವನು, “ಅತ್ತಿಗೆ, ಈ ಹಂಡೆ ಇನ್ನೂ ಫಳಫಳ ಅಂತಿದೆಯಲ್ಲ!” ಎಂದೆ. ನಾನು ಸಾರಿನ ಕಡೆ ತಿರುಗಿ ಸೌಟಾಡಿಸಿದೆ.

ಸಂಜೆ ಕಾಫಿ ಕೊಡುವ ಮುಂಚೆ, ಅವರೂ ಕೂತಿರುವಾಗ, ಈ ಬರೆದದ್ದನ್ನು ಓದಿ ಹೇಳುತ್ತೇನೆ. ಆಮೇಲೆ ಕಾಫಿ ಕುಡಿಯುವುದು ಬಿಡುವುದು ನಿನಗೆ ಸೇರಿದ್ದು.

ಮಧ್ಯಾಹ್ನ ಅಕ್ಕಿರೊಟ್ಟಿ, ಹಿತುಕಿದ ಬೇಳೆ ಸಾರು, ಅನ್ನ, ಮಜ್ಜಿಗೆ. ನೀನು ಎರಡು ಸಲ ಸಾರು ಹಾಕಿಸಿಕೊಂಡೆ. ಅವರು ಇನ್ನೂ ಪೇಪರ್ ಮಗುಚುತ್ತಿದ್ದರು. ನಡುಮನೆಯ ಚಾಪೆಯ ಮೇಲೆ ಮೊದಲು ನಿದ್ದೆ ಹೋದವನು ನೀನು.