ಭೀಮಾಶಂಕರನ ಎರಡು ಹಾಳೆಗಳು

ನಮ್ಮ ಬ್ಯಾಚಿನವರು ನಾಲ್ಕು ಜನ ಎಲ್ಲಿ ಕೂಡಿದರೂ ಒಂದು ಕತೆ ಹೇಳುತ್ತಾರೆ. ಆ ಕತೆಗೆ ನಾನೇ ನಾಯಕ. "ಇಂವಾ ನೋಡ್ರಿ, ಬರೇ ಒಂದು ಕೋಷ್ಟಕ ಹಿಡಕೊಂಡು ಇಡೀ ಕ್ಲಾಸಿನ ಮುಂದ ಸುಳ್ಳು ಹಿಡದಾಂವ" ಎಂದು ಹೆಗಲ ಮೇಲೆ ಕೈ ಹಾಕಿ ಹೊಸಬರಿಗೆ ಪರಿಚಯ ಮಾಡಿಸುತ್ತಾರೆ. ಹೊಸಬರು ನನ್ನನ್ನು ಪೊಲೀಸ್ ನಾಯಿಯನ್ನು ನೋಡುವ ಹಾಗೆ ಗೌರವದಿಂದ, ಆದರೆ ತುಸು ದೂರ ನಿಂತು ನೋಡುತ್ತಾರೆ. ಹೊಗಳಿಕೆ ನನ್ನದಾಗಿದ್ದರಿಂದ ಇಷ್ಟು ದಿನ ಆ ಕತೆಯನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಈಗ ಅದರ ಮೇಲೆ ಅನುಮಾನ ಬಂದಿದೆ. ಅನುಮಾನ ನನಗೆ ಹೊಸದೇನಲ್ಲ. ನನ್ನ ಮೇಲೆಯೇ ಬಂದಿರುವುದು ಹೊಸದು.

ನಾನು ಮಾದನಹಿಪ್ಪರಗಾದವನು. ಆಳಂದದ ಹೈಸ್ಕೂಲಿನಿಂದ ಗುಲ್ಬರ್ಗಾದ ಎಂಜಿನಿಯರಿಂಗ್ ಕಾಲೇಜಿನ ತನಕ ಚರ್ಚಾಸ್ಪರ್ಧೆ ಎಲ್ಲಿದ್ದರೂ ಅಲ್ಲಿ ನಾನಿರುತ್ತಿದ್ದೆ. ಚರ್ಚಾಸ್ಪರ್ಧೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಐದು ನಿಮಿಷ ಮೊದಲು ಚೀಟಿ ಎತ್ತಿಸುತ್ತಾರೆ. 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ಆಮೇಲೆ ವೇದಿಕೆ ಹತ್ತಿ, ಆ ನಂಬಿಕೆಯನ್ನು ತಾಯಿಯ ಹಾಲಿನ ಜೊತೆ ಕುಡಿದವರ ಹಾಗೆ ಮೇಜು ಗುದ್ದಬೇಕು. ಇದನ್ನು ಸುಳ್ಳು ಎಂದು ಯಾರೂ ಕರೆಯುವುದಿಲ್ಲ, ಪ್ರತಿಭೆ ಎನ್ನುತ್ತಾರೆ. ನಿಜವಾಗಿ ನಂಬಿದ್ದನ್ನು ಹೇಳಹೋಗಿ ತಡವರಿಸಿದವನಿಗೆ ಸಮಾಧಾನಕರ ಬಹುಮಾನ. ಇಂಥ ಗರಡಿಯಲ್ಲಿ ಬೆಳೆದವನ ಎದುರಿಗೆ ಮೂರನೇ ಸೆಮಿಸ್ಟರಿನಲ್ಲಿ ಸಂಭಾವ್ಯತೆ ಮತ್ತು ಸಂಖ್ಯಾಶಾಸ್ತ್ರ ಬಂದು ನಿಂತಿತು.

ಆ ಪುಸ್ತಕವನ್ನು ತೆರೆದ ದಿನವೇ ನನಗೆ ಅದರ ಮೇಲೆ ಸಂಶಯ. ಚೀಲದಲ್ಲಿ ಐದು ಕೆಂಪು, ಮೂರು ಕಪ್ಪು ಚೆಂಡು ಇವೆಯಂತೆ. ಇಟ್ಟವರು ಯಾರು? ಕಣ್ಣಿದ್ದವನು ನೋಡದೆ ತೆಗೆಯುವುದೇಕೆ? ಎರಡನೇ ಪುಟದಲ್ಲಿ 'ನಾಣ್ಯವು ಪ್ರಾಮಾಣಿಕವೆಂದು ಭಾವಿಸಿ' ಎಂದಿತ್ತು. ನಾನು ಎದ್ದು ನಿಂತೆ.

"ಯಾಕ ಭಾವಿಸಬೇಕ್ರಿ ಸರ್?"

ಪಾಠ ಹೇಳುತ್ತಿದ್ದ ದೇಶಮುಖ ಸರ್ ಅಫಜಲಪುರದ ಕಡೆಯವರು. ಮೊಣಕೈ ತನಕ ಸೀಮೆಸುಣ್ಣದ ಪುಡಿ, ಮುಖದಲ್ಲಿ ಅಪಾರ ತಾಳ್ಮೆ. "ಎಲ್ಲಾದರ ಮ್ಯಾಲೂ ಸಂಶಯ ಮಾಡಿದ್ರ ಲೆಕ್ಕ ಸುರೂ ಆಗೂದಿಲ್ಲಪಾ. ಕುಂಡ್ರು" ಎಂದರು. ಕ್ಲಾಸು ನಕ್ಕಿತು. ನಾನು ಕುಳಿತೆ, ಸಂಶಯ ಕುಳಿತುಕೊಳ್ಳಲಿಲ್ಲ.

ದಸರಾ ರಜೆಗೆ ಮುಂಚೆ ಸರ್ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬನೂ ತನ್ನೂರಿಗೆ ಹೋಗಿ ಏನನ್ನಾದರೂ ಖುದ್ದು ಎಣಿಸಿ ಹಾಳೆಯಲ್ಲಿ ಬರೆದು ತರಬೇಕು. ಆಮೇಲೆ ಕೈ-ಸ್ಕ್ವೇರ್ ಹಾಕಬೇಕು. ಹೆದರಬೇಡಿ, ಅದು ಬಡಪಾಯಿ ಲೆಕ್ಕ. ಪುಸ್ತಕದ ಸೂತ್ರ ಹೇಳುವುದಕ್ಕೂ ನಿಮ್ಮ ಕಣ್ಣಿಗೆ ಕಂಡದ್ದಕ್ಕೂ ಎಷ್ಟು ಅಂತರ ಎಂಬುದನ್ನು ಒಂದೇ ಅಂಕಿಯಲ್ಲಿ ಹೇಳುತ್ತದೆ. ಅಂಕಿ ದೊಡ್ಡದಾದರೆ ಹೊಂದಿಕೆಯಿಲ್ಲ, ಚಿಕ್ಕದಾದರೆ ಹೊಂದಿಕೆಯಿದೆ. ಈ ಕೆಲಸಕ್ಕೆ ಇಂಟರ್ನಲ್ ಮಾರ್ಕ್ಸ್ ಇತ್ತು. ಇಂಟರ್ನಲ್ ಇಲ್ಲದವನನ್ನು ಪರೀಕ್ಷೆಗೆ ಕೂಡಿಸುತ್ತಿರಲಿಲ್ಲ. ಅವನಿಗೆ ಒಂದು ವರ್ಷ ಹೋದಂತೆಯೇ.

ನನ್ನ ರೂಮಿನ ಜೊತೆಗಾರ ಭೀಮಾಶಂಕರ ಜೇವರ್ಗಿಯವನು. ಮಾತು ಕಡಿಮೆ, ಊಟ ನಿಧಾನ. ಅವನು ಬಿಜಾಪುರದ ರಸ್ತೆಯಲ್ಲಿ ಐದೈದು ನಿಮಿಷಕ್ಕೆ ಎಷ್ಟು ಲಾರಿ ಹಾಯುತ್ತವೆ ಎಂದು ನೂರು ಸಲ ಎಣಿಸುವುದಾಗಿ ಹೇಳಿದ. ನಾನು ನಮ್ಮೂರಿನಿಂದ ಆಳಂದಕ್ಕೆ ಹೋಗುವ ಬೆಳಗಿನ ಬಸ್ಸು ದಿನಾ ಎಷ್ಟು ನಿಮಿಷ ತಡ ಎಂಬುದನ್ನು ಆರಿಸಿಕೊಂಡೆ.

"ಅದರಾಗ ಎಣಸೂದೇನದಲೇ? ತಡಾ ಬರ್ತದ ಅಂತ ಬರದು ಕೊಡು, ಮುಗೀತು" ಎಂದ ಭೀಮ.

ರಜೆ ಮುಗಿದ ಮೇಲೆ ಸರ್ ಹಾಳೆಗಳನ್ನು ಅದಲುಬದಲು ಮಾಡಿ, ಒಬ್ಬರ ಲೆಕ್ಕ ಇನ್ನೊಬ್ಬರು ನೋಡಿ ಎಂದರು. ಭೀಮನ ಹಾಳೆ ನನ್ನ ಕೈಗೆ, ನನ್ನದು ಅವನ ಕೈಗೆ. ನೋಡುತ್ತೇನೆ, ಸೂತ್ರ ಹದಿನೈದು ಎಂದ ಕಡೆ ಇವನದೂ ಹದಿನೈದು. ಸೂತ್ರ ಇಪ್ಪತ್ತೆರಡು ಎಂದರೆ ಇವನದು ಇಪ್ಪತ್ಮೂರು. ಲಾರಿಗಳು ಪುಸ್ತಕ ಓದಿಕೊಂಡು ಬಂದಂತಿತ್ತು. ಪುಸ್ತಕದ ಕೊನೆಗೆ ಕೈ-ಸ್ಕ್ವೇರ್ ಕೋಷ್ಟಕವಿರುತ್ತದೆ; ಎಲ್ಲರೂ ಹೊಂದಿಕೆಯಿಲ್ಲದ್ದನ್ನು ಹಿಡಿಯುವ ಅದರ ಬಲತುದಿಯನ್ನು ನೋಡುತ್ತಾರೆ. ನಾನು ಅತಿ ಹೊಂದಿಕೆಯನ್ನು ತೋರಿಸುವ ಎಡತುದಿಯನ್ನು ನೋಡಿದೆ. ಇಷ್ಟು ಚೆಂದದ ಹೊಂದಿಕೆ ನೂರರಲ್ಲಿ ಒಂದು ಸಲ ಮಾತ್ರ ಬರುತ್ತದೆ ಎಂದಿತ್ತು. ನಾನು ಎದ್ದು ನಿಂತೆ. ನಾನು ಎದ್ದು ನಿಂತರೆ ಕ್ಲಾಸಿಗೆ ಹಬ್ಬ.

"ಸರ್, ಈ ಹಾಳಿ ಎಣಿಸಿದ್ದಲ್ಲ, ಸೂತ್ರ ನೋಡಿ ಹೊಂದಿಸಿದ್ದು."

ಸರ್ ಭೀಮನನ್ನು ಎಬ್ಬಿಸಿದರು. "ಐದು ನಿಮಿಷ ಹೆಂಗ ಅಳದಿಯೋ?"

"ಗಡಿಯಾರ ಇದ್ದಿಲ್ರಿ ಸರ್" ಎಂದ ಭೀಮ. "ಶಾಂತವ್ವನ ಅಂಗಡಿ ಮುಂದ ಕುಂತಿದ್ದೆ. ಮಿರ್ಚಿ ಒಂದು ಘಾಣ ಇಳಿಯೂತನಾ ಎಣಸ್ತಿದ್ದೆ. ಒಂದು ಘಾಣಕ್ಕ ಐದು ನಿಮಿಷಾ ಹಿಡೀತದ್ರಿ."

ಒಂದು ಸಲ ಎಣ್ಣೆಗೆ ಬಿಟ್ಟ ಮಿರ್ಚಿ ಭಜಿ ಬೆಂದು ಮೇಲೆ ಬರುವುದನ್ನು ನಮ್ಮ ಕಡೆ ಘಾಣ ಎನ್ನುತ್ತೇವೆ. ಅರವತ್ತು ಮಂದಿ ಬೆಂಚು ಬಡಿದು ನಕ್ಕರು. ಚರ್ಚಾಪಟುವಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಬೆಂಕಿ ಒಮ್ಮೆ ಜೋರು, ಒಮ್ಮೆ ಮಂದ. ಅಳತೆಗೋಲೇ ಹಿಗ್ಗಿ ಕುಗ್ಗುವಾಗ ಅಳತೆ ಇಷ್ಟು ನುಣುಪಾಗುವುದು ಹೇಗೆ ಎಂದು ಮೇಜು ಗುದ್ದಿದೆ. ಭೀಮ ಒಂದೇ ಮಾತು ಹೇಳಿದ: "ನಾ ಖರೇನೇ ಎಣಿಸೇನ್ರಿ ಸರ್."

ಸರ್ ತಮ್ಮ ಕೈಗಡಿಯಾರ ಬಿಚ್ಚಿಕೊಟ್ಟರು. "ಇದನ್ನ ಕಟ್ಕೊಂಡು ಮತ್ತೊಮ್ಮೆ ಎಣಿಸ್ಕೊಂಡು ಬಾ. ಇಲ್ಲಾಂದ್ರ ನಿನ್ನ ಇಂಟರ್ನಲ್ ನಾ ಕೊಡಾಂವಲ್ಲ."

ವಾರ ಕಳೆದು ಭೀಮ ಎರಡನೇ ಹಾಳೆ ತಂದ. ಅದರಲ್ಲಿ ಅಂಕಿಗಳು ಎತ್ತೆತ್ತಲೋ ಹೋಗಿದ್ದವು. ಒಂದು ಕಡೆ ಗುಂಪು, ಒಂದು ಕಡೆ ಬಯಲು. "ಈಗ ಖರೇ ಲೆಕ್ಕ ಕಂಡಂಗ ಆತು" ಎಂದು ಸರ್ ಸಹಿ ಹಾಕಿದರು. ಭೀಮನ ವರ್ಷ ಉಳಿಯಿತು, ನನ್ನ ಬೆನ್ನಿಗೆ ಶಭಾಷ್‌ಗಿರಿ ಬಿತ್ತು. ಗೆಳೆಯರು ಹೇಳುವ ಕತೆ ಇಲ್ಲಿಗೆ ಮುಗಿಯುತ್ತದೆ.

ಅವರು ಹೇಳದೇ ಇರುವ ಸಂಗತಿಗಳು ಎರಡಿವೆ. ಒಂದನ್ನು ಅವರು ಗಮನಿಸಲಿಲ್ಲ. ಅಂದಿನಿಂದ ಭೀಮ ನನಗೆ ಏನು ಹೇಳಿದರೂ ಕೊನೆಗೆ ಒಂದು ಬಾಲ ಹಚ್ಚುತ್ತಿದ್ದ. "ಇವತ್ತು ಮೆಸ್ಸಿನ್ಯಾಗ ಬದನಿಕಾಯಿ ಅದ, ಬೇಕಾದ್ರ ಹೋಗಿ ನೋಡು." "ನಮ್ಮಕ್ಕಗ ಮಗಾ ಹುಟ್ಟ್ಯಾನ, ಬೇಕಾದ್ರ ಕೇಳಿ ನೋಡು." ಮೊದಮೊದಲು ಕುಚೋದ್ಯ ಎಂದುಕೊಂಡೆ. ಪದವಿ ಮುಗಿಯುವ ತನಕ ಬಿಡಲಿಲ್ಲ. ಸಿಟ್ಟಾಗಿದ್ದರೆ ಜಗಳ ಮಾಡಬಹುದಿತ್ತು; ಸಾಕ್ಷಿ ಸಮೇತ ಬದನೆಕಾಯಿ ತಂದು ಮುಂದಿಡುವವನ ಜೊತೆ ಹೇಗೆ ಜಗಳ ಮಾಡುವುದು?

ಎರಡನೆಯದು ಅವರಿಗೆ ಗೊತ್ತೇ ಇಲ್ಲ. ನನ್ನ ಬಸ್ಸಿನ ಹಾಳೆಯನ್ನು ನಾನು ಒಂದೇ ಮಧ್ಯಾಹ್ನ, ಶೇಂಗಾ ತಿನ್ನುತ್ತ, ಕಟ್ಟೆಯ ಮೇಲೆ ಕುಳಿತು ಬರೆದಿದ್ದೆ. ಎರಡು ದಿನ ಎಣಿಸಲೆಂದೇ ಬಸ್‌ಸ್ಟ್ಯಾಂಡಿಗೆ ಹೋದದ್ದು ನಿಜ. ಮೂರನೇ ದಿನದಿಂದ ಬಸ್ಸು ನನ್ನ ತಲೆಯೊಳಗೇ ಬಂದುಹೋಗುತ್ತಿತ್ತು. ನಾನು ದಡ್ಡನೇನಲ್ಲ. ನುಣುಪಾದದ್ದನ್ನು ಜನ ನಂಬುವುದಿಲ್ಲ ಎಂದು ಚರ್ಚಾವೇದಿಕೆ ನನಗೆ ಕಲಿಸಿತ್ತು. ಅದಕ್ಕೇ ಅಲ್ಲಲ್ಲಿ ಅಂಕಿಗಳ ಕೂದಲು ಕೆದರಿದ್ದೆ. ಆ ಹಾಳೆಯ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಸಂಶಯ ಪಡುವ ಕೆಲಸ ವಹಿಸಿಕೊಂಡವನು ನಾನೊಬ್ಬನೇ, ನಾನು ಬೇರೆ ಕಡೆ ಬಿಜಿಯಾಗಿದ್ದೆ.

ಯಾರಿಗೂ ಬರಲಿಲ್ಲ ಎಂದೆನಲ್ಲ, ಅದನ್ನೂ ನಂಬಬೇಡಿ. ರಜೆಯ ಮೊದಲ ದಿನಗಳಲ್ಲಿ ಭೀಮ ನಮ್ಮೂರಿಗೆ ಬಂದಿದ್ದ. ಅವನನ್ನು ಕಳಿಸಲು ಹೋದ ಬೆಳಿಗ್ಗೆ ಆ ಬಸ್ಸು ಬರಲೇ ಇಲ್ಲ. ಇಬ್ಬರೂ ಯಾರದೋ ಟ್ರ್ಯಾಕ್ಟರ್ ಹತ್ತಿ, ಮೈಯೆಲ್ಲ ಧೂಳಾಗಿ ಆಳಂದ ಮುಟ್ಟಿದ್ದೆವು. ಕಟ್ಟೆಯ ಮೇಲೆ ಕುಳಿತು ಬರೆಯುವಾಗ ಅದು ನನಗೆ ನೆನಪೇ ಆಗಿರಲಿಲ್ಲ; ನನ್ನ ಹಾಳೆಯಲ್ಲಿ ಅದೇ ತಾರೀಖಿನ ಎದುರು 'ಹನ್ನೆರಡು ನಿಮಿಷ ತಡ' ಎಂದಿತ್ತು. ಅದಲುಬದಲಾದಾಗ ಆ ಹಾಳೆ ಇದ್ದದ್ದು ಅವನ ಕೈಯಲ್ಲಿ. ನಾನು ಮೇಜು ಗುದ್ದುತ್ತಿದ್ದಷ್ಟು ಹೊತ್ತೂ ಅವನು ಅದನ್ನು ಹಿಡಿದುಕೊಂಡೇ ನಿಂತಿದ್ದ. ಹಾಳೆ ನನಗೆ ವಾಪಸು ಬಂದಾಗ ಕೆಳಗೆ ಕೆಂಪು ಶಾಯಿಯಲ್ಲಿ 'ಲೆಕ್ಕ ಸರಿ ಇದೆ' ಎಂದು ಬರೆದು ಸಹಿ ಮಾಡಿದ್ದ.

ಹೋದ ತಿಂಗಳು ಕೆಲಸದ ಮೇಲೆ ಜೇವರ್ಗಿಗೆ ಹೋಗಿದ್ದೆ. ಭೀಮ ಅಲ್ಲೇ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್. ಸಂಜೆ ಬರುತ್ತೇನೆ ಎಂದು ಅವನು ಹೇಳಿಕಳಿಸಿದ್ದರಿಂದ, ಬರುವ ತನಕ ಶಾಂತವ್ವನ ಅಂಗಡಿಯನ್ನು ಹುಡುಕಿಕೊಂಡು ಹೋಗಿ ಕುಳಿತೆ. ಕೈಗಡಿಯಾರ ನೋಡುತ್ತ ಒಂದು ಘಾಣ ಅಳೆದೆ. ಐದು ನಿಮಿಷ. ಇನ್ನೊಂದು. ಐದು ನಿಮಿಷಕ್ಕೆ ತುಸು ಹೆಚ್ಚು. ಹತ್ತು ಘಾಣ ಅಳೆದೆ. ಬೆಂಕಿ ಜೋರಾದರೆ ಆಕೆ ಕಟ್ಟಿಗೆ ಹಿಂದೆ ಎಳೆಯುತ್ತಾಳೆ, ಮಂದವಾದರೆ ಮುಂದೆ ನೂಕುತ್ತಾಳೆ. ಆ ಕೈ ತಪ್ಪುವುದಿಲ್ಲ. ನನ್ನ ವಾದದ ಗಟ್ಟಿ ಕಂಬ ಕಡಲೆಹಿಟ್ಟಿನಲ್ಲಿ ಮುಳುಗಿತು.

"ಭೀಮು ಇಲ್ಲಿ ಕುಂತು ಲಾರಿ ಎಣಸ್ತಿದ್ದನೇನಬೇ?" ಎಂದು ಕೇಳಿದೆ.

"ಎಣಸೂದೇನು, ನನ್ನ ಯಾಪಾರ ಕೆಡಸಿದ ತಮ್ಮಾ! ಮೂರು ದಿನಾ ಪೆನ್ಸಿಲ್ ಹಿಡಕೊಂಡು ಕುಂತಾ. ಡ್ರೈವರ್‌ಗೋಳು ಆರ್‌ಟಿಓ ಮನಷ್ಯಾ ಅಂತ ತಿಳಕೊಂಡು ಇಲ್ಲಿ ನಿಂದ್ರಸೂದೇ ಬಿಟ್ರು. ಉಳದ ಭಜಿ ಅಂವನೇ ತಿಂದ."

"ಆಮ್ಯಾಲ ಗಡಿಯಾರ ಕಟ್ಕೊಂಡು ಮತ್ತೊಮ್ಮೆ ಬಂದಿದ್ದನಲ್ಲ?"

"ಗಡಿಯಾರಾ? ನಾ ಕಾಣೆ ನೋಡು."

ಒಬ್ಬ ಸಾಕ್ಷಿಯ ಮಾತು ಸಾಕಾಗುವುದಿಲ್ಲ. ಆಕೆ ಮರೆತಿರಬಹುದು, ಆ ದಿನ ಅಂಗಡಿ ತೆರೆದಿರಲಿಕ್ಕಿಲ್ಲ. ಆದರೆ ಕುಳಿತಲ್ಲೇ ನನಗೆ ಇನ್ನೊಂದು ಲೆಕ್ಕ ಹೊಳೆಯಿತು. ಅದು ಆ ವರ್ಷದ ಪಾಠದಲ್ಲೇ ಇತ್ತು. ನೂರರಲ್ಲಿ ಒಂದು ಸಲ ಬರುವಂಥ ಚೆಂದದ ಹಾಳೆ ಒಬ್ಬನಿಗೆ ಬೀಳುವುದು ಅಪರೂಪ. ಆದರೆ ಅರವತ್ತು ಮಂದಿ ಅರವತ್ತು ಹಾಳೆ ತಂದರೆ, ಅವರಲ್ಲಿ ಯಾರಿಗಾದರೂ ಅಂಥದ್ದು ಬೀಳುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕೆ ಅರ್ಧ. ಉಳಿದ ಹಾಳೆಗಳನ್ನು ನಾನು ನೋಡಲೇ ಇಲ್ಲ. ಕೈಗೆ ಸಿಕ್ಕಿದ ಒಂದನ್ನು ಹಿಡಿದು ತೀರ್ಪು ಕೊಟ್ಟೆ. ಎಲ್ಲದರ ಮೇಲೆ ಸಂಶಯ ಪಡುವವನು ಎಂದು ಹೆಸರಾದವನು ಸಂಶಯ ಪಟ್ಟದ್ದು ಒಂದೇ ಹಾಳೆಯ ಮೇಲೆ.

ಅಷ್ಟರಲ್ಲಿ ಭೀಮ ಬಂದ. ಪಕ್ಕದಲ್ಲಿ ಕುಳಿತು ಮಿರ್ಚಿ ಮುರಿದ. "ಬಿಸಿ ಅವ, ಬೇಕಾದ್ರ ಮುಟ್ಟಿ ನೋಡು" ಎಂದ. ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಅವನು ಅದನ್ನೇ ನೋಡುತ್ತಿದ್ದ. ಸಮಾಧಾನಕರ ಬಹುಮಾನದವನ ಹಾಗೆ ತಡವರಿಸಿ ಕೇಳಿದೆ:

"ಭೀಮ್ಯಾ, ಆ ಎರಡನೇ ಹಾಳಿ ನೀ ಈ ರಸ್ತಾ ನೋಡಿ ಬರದಿದ್ದೋ, ನನ್ನ ಬಸ್ಸಿನ ಹಾಳಿ ನೋಡಿ ಬರದಿದ್ದೋ?"