ಬೊಗಸೆಯಲ್ಲಿ ಹಿಮದ ಹುಳು

ನೆಂಟರ ಮಕ್ಕಳೆಲ್ಲ ಅವನನ್ನು ಕರೆಯುವುದು ಫ್ರಿಜ್ ಮಾವ ಅಂತಲೇ. ಕಾಲೇಜಿನ ಕೋಲ್ಡ್ ರೂಮಿನಲ್ಲಿ ಹುಳು ಸಾಕುವುದು ಅವನ ನೌಕರಿ. ಎತ್ತರದ ಬೆಟ್ಟಗಳಲ್ಲಿ, ಹಿಮದಡಿಯ ಕಲ್ಲುಸಂದಿಯಲ್ಲಿ ಬದುಕುವ, ರೆಕ್ಕೆಯಿಲ್ಲದ ಜೇನುಬಣ್ಣದ ಹುಳು ಅದು. ನಮ್ಮ ಹಲ್ಲು ಕಟಕಟ ಎನ್ನಿಸುವ ಚಳಿಯೇ ಅದಕ್ಕೆ ಹಿತ. ನಮ್ಮ ಅಂಗೈಯ ಬಿಸಿಯೇ ಅದಕ್ಕೆ ಕುತ್ತು. ನಡುಬೇಸಿಗೆಯಲ್ಲೂ ಸ್ವೆಟರ್ ತೊಟ್ಟು, ಚಿಮುಟದ ತುದಿಯಲ್ಲಿ ಸತ್ತ ನೊಣ ಹಿಡಿದು ತಿನ್ನಿಸುವ ಮಾವನಿಗೆ ಅವುಗಳ ಮೇಲೆ ಎಂಥ ಅಕ್ಕರೆ ಅಂತೀರಿ!

"ರೀ, ನಿಮ್ಮ ಆ ಮುದ್ದುಮಕ್ಕಳನ್ನ ನನಗೂ ಒಂದ್ಸಲ ತೋರ್ಸಿ" ಎಂದು ಅವನ ಹೆಂಡತಿ, ಅಂದರೆ ಅತ್ತೆ, ದುಂಬಾಲು ಬಿದ್ದಿದ್ದಳು. ಕೊನೆಗೊಂದು ದಿನ ಮಾವ ಮೇಲಿನವರ ಕಣ್ಣು ತಪ್ಪಿಸಿ, ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ ಒಂದನ್ನು ಮನೆಗೆ ತಂದ. ಮೇಜಿನ ಮೇಲಿಟ್ಟು ಮುಚ್ಚಳ ತೆಗೆದು, ಭೂತಗನ್ನಡಿ ಹುಡುಕಲು ಒಳಗೆ ಹೋದ. ಮುಟ್ಟಬೇಡ ಎಂದು ಹೇಳುವುದು ಹೊಳೆಯಲೇ ಇಲ್ಲ ಮಹಾರಾಯನಿಗೆ. ಕಾಲೇಜಿನ ಕೋಲ್ಡ್ ರೂಮಿನಲ್ಲಿ ಅದನ್ನು ಯಾರಿಗೂ ಹೇಳಬೇಕಾಗಿರಲಿಲ್ಲ.

ಬಂದು ನೋಡಿದರೆ ಅತ್ತೆ ಹುಳುವನ್ನು ಬೊಗಸೆಯಲ್ಲಿಟ್ಟುಕೊಂಡು ಬಿಸಿಯುಸಿರು ಊದುತ್ತಿದ್ದಾಳೆ.

"ಪಾಪ ಕಣ್ರೀ, ಚಳಿಗೆ ಮರಗಟ್ಟಿಹೋಗಿದೆ. ಬೆಚ್ಚಗಾದ್ರೆ ಚೇತರಿಸ್ಕೊಳ್ಳುತ್ತೆ."

ಹುಳು ಆಗಲೇ ಸತ್ತಿತ್ತು. ಮಾವನ ಪಿತ್ತ ನೆತ್ತಿಗೇರಿತು. "ನಿನ್ನ ಕೈಗೆ ಸಿಕ್ಕಿದ್ದು ಯಾವುದು ತಾನೇ ಉಳ್ದಿದೆ?"

ಅಯ್ಯೋ, ಆಡುವ ಮಾತೇ ಅದು! ಅವರಿಗೆ ಹುಟ್ಟಿದ್ದ ಒಂದೇ ಮಗು ಹಸುಗೂಸಾಗಿದ್ದಾಗಲೇ ಅತ್ತೆಯ ಕೈಯಲ್ಲಿ ಕಣ್ಣು ಮುಚ್ಚಿತ್ತು. ಮಾವ ರೇಗಿದ್ದು ಹುಳುವಿಗಾಗಿ. ಆ ಗಳಿಗೆಯಲ್ಲಿ ಮಗುವಿನ ನೆನಪೂ ಅವನಿಗಿರಲಿಲ್ಲ. ಕೇಳಿಸಿಕೊಂಡವಳಿಗೆ ಅದು ಹೇಗೆ ಗೊತ್ತಾಗಬೇಕು? ಅತ್ತೆ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಸೋಪು ಹಚ್ಚಿ ಕೈ ತೊಳೆದುಕೊಂಡಳು, ಅಷ್ಟೇ.

ಅಂದೇ ತಪ್ಪಾಯ್ತು ಅಂದಿದ್ದರೆ ಮುಗಿಯುತ್ತಿತ್ತೇನೋ. ಆದರೆ ಹಾಗನ್ನಲು ಮಗುವಿನ ಮಾತೆತ್ತಬೇಕು. ಆ ಧೈರ್ಯ ಸಾಲದೆ ಮಾವ ಇವತ್ತು, ನಾಳೆ ಎಂದು ಮುಂದೂಡುತ್ತಾ ಒಳಗೊಳಗೇ ಕೊರಗಿದ.

ಮೊನ್ನೆ ಅವನ ತಂಗಿಯ ಮಗಳು ತನ್ನ ಕೂಸನ್ನು ತೋರಿಸಲು ಬಂದಳು. "ಎತ್ಕೊಳ್ಳಿ ಅತ್ತೆ" ಎಂದು ಚಾಚಿದಳು.

ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಕ್ಕಳು. "ನನ್ನ ಕೈಗೆ ಬೇಡಮ್ಮ. ಮಾವನ ಹತ್ರ ಕೊಡು."

ಮಾವ ಕೈ ಚಾಚಿದ. ಕೂಸನ್ನು ಎತ್ತಿಕೊಂಡವನು, ಅತ್ತೆಯ ಬೆನ್ನಿಗೇ ಅಡುಗೆಮನೆಗೆ ಬಂದು ಕಡೆಗೂ ಬಾಯಿ ಬಿಟ್ಟ. "ಅವತ್ತು ನಾನಂದಿದ್ದು ಹುಳದ ವಿಷ್ಯ ಕಣೇ. ನಮ್ಮ ಮಗೂದಲ್ಲ."

"ಗೊತ್ತು ಬಿಡ್ರೀ. ನನ್ನ ಕೈಗೆ ಸಿಕ್ಕಿದ್ದು ಉಳಿಯಲ್ಲ ಅಂತ ನೀವನ್ನೋಕೆ ಮುಂಚೆ ನಾನೇ ಎಷ್ಟೋ ಸಲ ಅಂದ್ಕೊಂಡಿದ್ದೀನಿ. ಆಗೆಲ್ಲ, ಹಾಗಲ್ಲ ಕಣೇ ಅನ್ನೋಕೆ ನೀವೊಬ್ರಿದ್ರಿ."

ಕೂಸು ಅಳತೊಡಗಿತು. ಮಾವನಿಗೆ ಅದನ್ನು ಸಮಾಧಾನ ಮಾಡುವುದು ಹೇಗೆಂದು ತಿಳಿಯಲಿಲ್ಲ.