ರಸ್ತೆಯ ಆಚೆ ನಿಂತು ಅಂದ ಮಾತು

ಯಾರ ಬಗ್ಗೆ ಕೆಟ್ಟದಾಗಿ ಮಾತಾಡುತ್ತಿದ್ದೀರೋ ಅವರಿಗೇ ನಗುತ್ತ ಕೈ ಬೀಸಿದ್ದೀರಾ? ನಾನು ಹೋದ ಮಂಗಳವಾರ ಬೀಸಿದೆ.

ನನ್ನ ಕಾರಿಗೆ ಹದಿನಾಲ್ಕು ವರ್ಷ. (ನನಗಿಂತ ಮೊದಲು ಅದಕ್ಕೆ ರಿಟೈರ್‌ಮೆಂಟ್ ಕೊಡಿ ಎನ್ನುವುದು ಹೆಂಡತಿಯ ಸಲಹೆ.) ಈ ಸಲ ದೊಡ್ಡ ಸರ್ವಿಸ್. ಟೈಮಿಂಗ್ ಬೆಲ್ಟ್, ಆಯಿಲ್, ಫಿಲ್ಟರು, ಕೂಲಂಟ್, ಎಲ್ಲವೂ ಬದಲಾಗಬೇಕು. ಸಾಲದ್ದಕ್ಕೆ ಹದಿನೈದು ದಿನಗಳಿಂದ ಎಂಜಿನ್ನಿನಲ್ಲಿ ಗರಗರ ಎಂಬ ಸಪ್ಪಳ. ನಾನೋ, ಫ್ರಿಜ್ಜು ಸದ್ದು ಮಾಡಿದರೂ ಎದ್ದು ಕೂರುವವನು. ಪಿಸ್ಟನ್ ಹೋಗಿದೆ, ಎಂಜಿನ್ನೇ ಬಿಚ್ಚಬೇಕು ಎಂದು ಆಗಲೇ ತೀರ್ಮಾನಿಸಿದ್ದೆ.

ಜಮಖಂಡಿಯಿಂದ ಬನಹಟ್ಟಿಗೆ ಒಯ್ದೆ. ಅಲ್ಲಿನ ಮೆಕ್ಯಾನಿಕ್ ಸಂಗಪ್ಪನವರು ಸಪ್ಪಳ ಹಿಡಿಯುವುದರಲ್ಲಿ ಹೆಸರಾದವರಂತೆ. (ಹೆಸರು ಬದಲಿಸಿದ್ದೇನೆ. ದಯವಿಟ್ಟು ಹುಡುಕಬೇಡಿ.)

ಬಾನೆಟ್ಟಿನೊಳಗೆ ತಲೆ ಹಾಕಿದ್ದ ಅವರ ಬೆನ್ನಿಗೆ ನನ್ನ ದುಃಖವನ್ನೆಲ್ಲ ಹೇಳಿಕೊಂಡೆ. ಉತ್ತರವಿಲ್ಲ. ದನಿ ಏರಿಸಿ ಮತ್ತೆ ಹೇಳಿದೆ. ಇಲ್ಲ. ಭುಜ ಮುಟ್ಟಿದ ಮೇಲೆ ತಿರುಗಿದರು.

"ಏನಂದ್ರಿ ಸರ?"

ಅಯ್ಯೋ. ಈ ಮನುಷ್ಯನಿಗೆ ಕಿವಿಯೇ ಕೇಳುವುದಿಲ್ಲ.

ಅವರು ಎಂಜಿನ್ ಚಾಲೂ ಮಾಡಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ, ಹಿಡಿಯನ್ನು ದವಡೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತರು. ಉಳಿದವರು ಕಿವಿಗೆ ಹಚ್ಚುತ್ತಾರಲ್ಲವೇ? ನಾನು ರಸ್ತೆ ದಾಟಿ ಚಹಾದಂಗಡಿಗೆ ಹೋದವನೇ ಮಹಾಲಿಂಗಪುರದ ದೋಸ್ತ ಈರಣ್ಣನಿಗೆ ಫೋನ್ ಹಚ್ಚಿದೆ. ಅವನವು ಮೂರು ಸ್ಕೂಲ್ ವ್ಯಾನುಗಳು. ನನ್ನ ಕಾರು ಸರಿಹೋದರೆ ಅವನ್ನೂ ಇಲ್ಲಿಗೇ ತರುವವನಿದ್ದ.

"ಕಿವುಡನ ಕೈಯಾಗ ಗಾಡಿ ಕೊಟ್ಟ ಕುಂತೇನಿ ನೋಡಲೇ. ಇಂವ ಏನ್ ಸಪ್ಪಳ ಹಿಡಿತಾನ, ಮಣ್ಣ?" ಎಂದೆ.

ಆಗಲೇ ಸಂಗಪ್ಪನವರು ತಲೆ ಎತ್ತಿ ನನ್ನನ್ನೇ ನೋಡಿದರು. ನಡುವೆ ರಸ್ತೆ, ಓಡುವ ಎಂಜಿನ್, ಸುತ್ತ ಪವರ್‌ಲೂಮುಗಳ ಖಟಖಟ. ಯಾರಿಗೆ ಕೇಳೀತು? ಕೈ ಬೀಸಿದೆ.

ಸ್ವಲ್ಪ ಹೊತ್ತಿಗೆ ಕರೆದರು. ಹೊರಗಿನ ಬೆಲ್ಟೊಂದನ್ನು ಕಳಚಿ ಎಂಜಿನ್ ಚಾಲೂ ಮಾಡಿದರು. ಗರಗರ ಮಾಯ. ಬಂದ್ ಮಾಡಿ, ಆ ಬೆಲ್ಟನ್ನು ಬಿಗಿಹಿಡಿಯುವ ಪುಲ್ಲಿಯ ಮೇಲೆ ನನ್ನ ಕೈ ಇಟ್ಟು ತಿರುಗಿಸಿದರು. ಒಳಗೆ ಉಸುಕು ತುಂಬಿದ ಹಾಗಿತ್ತು.

"ಎಂಜಿನ್ ಛಲೋ ಐತ್ರಿ. ಈ ಬೇರಿಂಗ್ ಒಂದ ಹೋಗೇತಿ."

ನನಗೆ ಹೋದ ಜೀವ ಬಂದಂತಾಯಿತು. ಅವರು ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಮುಂದುವರಿಸಿದರು.

"ನೀವು ಫೋನಿನ್ಯಾಗ ಅಂದದ್ದು ಖರೆ ಐತ್ರಿ ಸರ. ಎಡಗಿವಿ ಪೂರಾ ಹೋಗೇತಿ, ಬಲಗಿವಿ ಅಷ್ಟಕ್ಕಷ್ಟ. ಎಂಜಿನ್ನಿನ ಸಪ್ಪಳ ನನಗ ದವಡಿ ಎಲುಬಿನ್ಯಾಗ ತಿಳಿತೈತಿ. ಇಪ್ಪತ್ತ ವರ್ಸ ಮಗ್ಗದ ಮುಂದ ನಿಂತಾಂವ್ರಿ ನಾ. ಶೆಡ್ಡಿನ್ಯಾಗ ಯಾರ ಮಾತು ಯಾರಿಗಿ ಕೇಳತೈತಿ? ತುಟಿ ನೋಡೇ ಮಾತಾಡ್ತೀವ್ರಿ."

ಪುಲ್ಲಿಯ ಮೇಲಿದ್ದ ಕೈ ತೆಗೆಯಲೂ ನನಗೆ ತಿಳಿಯಲಿಲ್ಲ. ಇದು ಗೊತ್ತಿಲ್ಲದ ಸಂಗತಿಯೇ? ರಬಕವಿಯ ನನ್ನ ಮಾವನೂ ಮಗ್ಗದವರು. ಊಟಕ್ಕೆ ಕೂತಾಗ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನ್ನ ಮಾತೆಂದರೆ ಅವರಿಗೆ ಬಹಳ ಇಷ್ಟ ಎಂದು ವರ್ಷಗಟ್ಟಲೆ ಬೀಗಿದವನು ನಾನು.

"ತಪ್ಪಾತು," ಎಂದೆ, ತೀರಾ ಸಣ್ಣ ದನಿಯಲ್ಲಿ. ಅದೂ ಅವರಿಗೆ ತಿಳಿಯಿತು.

"ಸಿಟ್ಟಿಲ್ರಿ. ಆದ್ರ ಮತ್ತೊಬ್ಬರ ಮುಂದ ಅನಬ್ಯಾಡ್ರಿ. ಸಪ್ಪಳ ಹಿಡಿಯಾಂವಗ ಕಿವಿ ಇಲ್ಲಂದ್ರ ಯಾರ ಗಾಡಿ ಬಿಡ್ತಾರ?"

ಮತ್ತೊಬ್ಬರ ಮುಂದೆ ಅಂದೇ ಆಗಿತ್ತಲ್ಲ. ಸಂಜೆ ಸಪ್ಪಳವಿಲ್ಲದ ಕಾರಿನಲ್ಲಿ ಮನೆ ಸೇರಿದೆ. ದಾರಿಯುದ್ದಕ್ಕೂ ಹೆದರಲು ಏನೂ ಇರಲಿಲ್ಲ, ನಾಚಿಕೆ ಮಾತ್ರ ಇತ್ತು. ಚಪ್ಪಲಿ ಬಿಡುವ ಮೊದಲೇ ಈರಣ್ಣನಿಗೆ ಫೋನ್ ಮಾಡಿ, ನನ್ನದೇ ತಪ್ಪು, ಅವರಂಥ ಮೆಕ್ಯಾನಿಕ್ ಇಲ್ಲ, ವ್ಯಾನುಗಳನ್ನು ಅಲ್ಲಿಗೇ ಒಯ್ಯಿ ಎಂದು ಎರಡೆರಡು ಸಲ ಹೇಳಿದೆ.

"ಸಾಕ್ ಬಿಡಲೇ," ಎಂದ ಈರಣ್ಣ. "ಮುಂಜಾನಿ ಕಿವುಡ ಅಂದಿ, ಈಗ ಹುಷಾರ ಅಂತಿ. ಪಾಪ ಅನಿಸಿರಬೇಕ ನಿನಗ. ಸಾಲಿ ಹುಡುಗೂರು ಅಡ್ಡಾಡೂ ಗಾಡಿ ಅವು. ನಾ ಮುಧೋಳಕ್ಕ ಒಯ್ತೀನಿ."

ಬೆಳಿಗ್ಗೆ ಬೈದಾಗ ಒಂದೇ ಮಾತಿಗೆ ನನ್ನನ್ನು ನಂಬಿದವನು, ಸಂಜೆ ಹೊಗಳಿದಾಗ ಯಾಕೆ ನಂಬಲಿಲ್ಲ ಹೇಳಿ?